ಕೂತ ಕಾಂಕ್ರೀಟ್ ಪಾಯ ಎತ್ತುವುದು: ಒಂದು ಮೂಲೆ 42 ಮಿ.ಮೀ. ಇಳಿದಿದೆ, ಫೋಮ್ ಹಾಕಿಸುವುದೋ ಸ್ಟೀಲ್ ಪಿಯರೋ?

ಪ್ರಶ್ನೆ – ವಾಯವ್ಯಮೂಲೆ

ಒಂದೇ ಅಂತಸ್ತಿನ ಮನೆ, ಹೊರ ಅಳತೆ 12 ಮೀಟರ್ × 9 ಮೀಟರ್. ಪಿಲ್ಲರ್ ಇಲ್ಲ, 230 ಮಿ.ಮೀ. ಇಟ್ಟಿಗೆ ಗೋಡೆಗಳೇ ಭಾರ ಹೊರುತ್ತವೆ. ಮೇಲೆ 120 ಮಿ.ಮೀ. ಆರ್‌ಸಿಸಿ ತಾರಸಿ. ಗೋಡೆಯಡಿ ಉದ್ದಕ್ಕೂ 600 ಮಿ.ಮೀ. ಅಗಲ, 200 ಮಿ.ಮೀ. ದಪ್ಪದ ಕಂಬಿ ಹಾಕಿದ ಕಾಂಕ್ರೀಟ್ ಫೂಟಿಂಗ್ (ಪಾಯದ ತಳಪಟ್ಟಿ) ಇದೆ. ಅದರ ತಳ ನೆಲಮಟ್ಟದಿಂದ 900 ಮಿ.ಮೀ. ಕೆಳಗೆ. ಪ್ಲಿಂತ್ ಬೀಮ್ (ನೆಲಮಟ್ಟದ ಹತ್ತಿರ ಗೋಡೆಯಡಿ ಹಾಯುವ ಕಾಂಕ್ರೀಟ್ ತೊಲೆ) ಇದೆ. ಒಳಗಿನ ನೆಲ 100 ಮಿ.ಮೀ. ಕಾಂಕ್ರೀಟ್. ಅದನ್ನು ಗೋಡೆಗೆ ಕಟ್ಟಿಲ್ಲ, ತುಂಬಿದ ಮಣ್ಣಿನ ಮೇಲೆ ಬಿಡಿಯಾಗಿ ಕೂತಿದೆ.

ವಾಯವ್ಯ ಮೂಲೆ ಇಳಿದಿದೆ. ಕಟ್ಟುವಾಗ ಒಂದೇ ಮಟ್ಟದಲ್ಲಿ ಹಾಕಿದ್ದ ಪ್ಲಿಂತ್ ಗೆರೆಯನ್ನು ಹಿಡಿದು ಟ್ಯೂಬ್ ಲೆವೆಲ್‌ನಲ್ಲಿ (ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಕೊಳವೆ) ಅಳೆದ ಲೆಕ್ಕ ಹೀಗಿದೆ. ಉತ್ತರ ಗೋಡೆಯಲ್ಲಿ ಮೂಲೆಯಿಂದ ಶುರು ಮಾಡಿ 3 ಮೀಟರಿಗೊಂದರಂತೆ: 42, 19, 4, 1, 0 ಮಿ.ಮೀ. ಪಶ್ಚಿಮ ಗೋಡೆಯಲ್ಲಿ ಅದೇ ಮೂಲೆಯಿಂದ: 42, 22, 6, 1 ಮಿ.ಮೀ. ಮೂಲೆಯ ಹತ್ತಿರದ ಕಿಟಕಿಯಿಂದ ಮೇಲಕ್ಕೆ ಓರೆಯಾಗಿ ಒಂದು ಬಿರುಕು ಹೋಗಿದೆ. ಮೇಲ್ತುದಿಯಲ್ಲಿ 6 ಮಿ.ಮೀ., ಕೆಳಗೆ ಕೂದಲೆಳೆಯಷ್ಟು. ಸ್ನಾನದಮನೆ ಅದೇ ಮೂಲೆಯಲ್ಲಿದೆ, ಅಲ್ಲಿ ಸ್ಕರ್ಟಿಂಗ್ ಮತ್ತು ನೆಲದ ನಡುವೆ 15 ಮಿ.ಮೀ. ಸಂದು ಬಿಟ್ಟಿದೆ. ಬಾಗಿಲು ಹೊಸ್ತಿಲಿಗೆ ಉಜ್ಜುತ್ತದೆ.

ಒಬ್ಬ ಗುತ್ತಿಗೆದಾರರು ಫೋಮ್ (ಉಬ್ಬಿ ಗಟ್ಟಿಯಾಗುವ ನೊರೆ) ತುಂಬಿ ಒಂದೇ ದಿನದಲ್ಲಿ ಎತ್ತಿ ಕೊಡುತ್ತೇನೆ ಅನ್ನುತ್ತಾರೆ. ಇನ್ನೊಬ್ಬರು ಸ್ಟೀಲ್ ಪೈಪಿನ ಪಿಯರ್ (ಗಟ್ಟಿ ನೆಲ ಮುಟ್ಟುವ ಆಧಾರ ಕಂಬ) ಇಳಿಸಿ ಜಾಕಿಯಲ್ಲಿ ಎತ್ತಬೇಕು ಅನ್ನುತ್ತಾರೆ. ಯಾವುದು ಸರಿ? ಪೂರ್ತಿ 42 ಮಿ.ಮೀ. ವಾಪಸ್ ಬರುತ್ತದೆಯೇ?

ಉತ್ತರ 1 – ರಸಮಟ್ಟ

ಅಳತೆ ಕೊಟ್ಟು ಕೇಳಿದ್ದೀರಿ, ಬಹಳ ಒಳ್ಳೆಯದಾಯಿತು ಸರ್. ಈ ಅಂಕಿಗಳೇ ಅರ್ಧ ಉತ್ತರ ಹೇಳುತ್ತವೆ.

ಒಟ್ಟು ಎಷ್ಟು ಇಳಿಯಿತು ಅನ್ನುವುದಕ್ಕಿಂತ ಎಷ್ಟು ದೂರದಲ್ಲಿ ಎಷ್ಟು ಇಳಿಯಿತು ಅನ್ನುವುದು ಮುಖ್ಯ. ಇಡೀ ಮನೆ ಒಂದೇ ಸಮ 42 ಮಿ.ಮೀ. ಇಳಿದಿದ್ದರೆ ಗೋಡೆಗೆ ಏನೂ ಆಗುತ್ತಿರಲಿಲ್ಲ, ಪೈಪುಗಳಿಗಷ್ಟೇ ತೊಂದರೆ. ನಿಮ್ಮಲ್ಲಿ ಮೂಲೆಯ ಕೊನೆಯ 3 ಮೀಟರಿನಲ್ಲಿ ಉತ್ತರಕ್ಕೆ 23 ಮಿ.ಮೀ. ವ್ಯತ್ಯಾಸವಿದೆ, ಅಂದರೆ ಸುಮಾರು 130ಕ್ಕೆ 1. ಪಶ್ಚಿಮಕ್ಕೆ 20 ಮಿ.ಮೀ., ಅಂದರೆ 150ಕ್ಕೆ 1. 1956ರಲ್ಲಿ ಸ್ಕೆಂಪ್ಟನ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬ ಎಂಜಿನಿಯರುಗಳು ಹಾಕಿಕೊಟ್ಟ ಮಿತಿಗಳನ್ನೇ ಇವತ್ತಿಗೂ ಎಂಜಿನಿಯರುಗಳು ಕೈಲೆಕ್ಕಕ್ಕೆ ಹಿಡಿಯುತ್ತಾರೆ: 300ಕ್ಕೆ 1 ದಾಟಿದರೆ ಗೋಡೆ ಬಿರಿಯುತ್ತದೆ, 150ಕ್ಕೆ 1 ದಾಟಿದರೆ ಭಾರ ಹೊರುವ ಭಾಗಗಳಿಗೇ ಪೆಟ್ಟು. ನೀವು ಎರಡನೆಯ ಗೆರೆಯ ಮೇಲೆ ನಿಂತಿದ್ದೀರಿ. ಪ್ಲಾಸ್ಟರ್ ಮಾಡಿ ಬಣ್ಣ ಬಳಿದು ಮುಚ್ಚುವ ಹಂತ ದಾಟಿದೆ.

ಸಮಾಧಾನದ ಸಂಗತಿಯೂ ಇದೆ. ಎರಡೂ ಗೋಡೆಗಳಲ್ಲಿ ಮೂಲೆಯಿಂದ 6 ಮೀಟರಿನ ಆಚೆ ಏನೂ ಇಳಿದಿಲ್ಲ ಅನ್ನಬಹುದು. ಹಾಗಾಗಿ ಕೆಲಸ ಮಾಡಬೇಕಾದದ್ದು 6 + 6, ಒಟ್ಟು 12 ಮೀಟರ್ ಗೋಡೆಗೆ ಮಾತ್ರ.

ಆದರೆ ಫೋಮೋ ಪಿಯರೋ ಎಂದು ಕೇಳುವ ಮುಂಚೆ ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ಇಳಿಯುವುದು ನಿಂತಿದೆಯೇ? ಯಾಕೆ ಇಳಿಯಿತು? ಇವೆರಡು ತಿಳಿಯದೆ ಎತ್ತಿದ ಪಾಯ ಮತ್ತೆ ಕೂರುತ್ತದೆ. ಎರಡನೆಯ ಸಲ ಎತ್ತುವುದು ಇನ್ನೂ ಕಷ್ಟ, ಏಕೆಂದರೆ ಅಷ್ಟರಲ್ಲಿ ಗೋಡೆ ಒಮ್ಮೆ ಬಗ್ಗಿ, ನೆಟ್ಟಗಾಗಿ, ಮತ್ತೆ ಬಗ್ಗಿರುತ್ತದೆ.

ಮೊದಲನೆಯದಕ್ಕೆ: ಬಿರುಕಿನ ಒಂದು ಬದಿ ಎರಡು, ಇನ್ನೊಂದು ಬದಿ ಒಂದು, ಹೀಗೆ ತ್ರಿಕೋನವಾಗಿ ಮೂರು ಸ್ಟೀಲ್ ಮೊಳೆಗಳನ್ನು ಇಟ್ಟಿಗೆಗೆ ಎಪಾಕ್ಸಿ ಹಾಕಿ ಕೂರಿಸಿ. ಪ್ಲಾಸ್ಟರಿಗಲ್ಲ, ಇಟ್ಟಿಗೆಗೇ. ಮೊಳೆ ಮೊಳೆ ನಡುವೆ 150 ಮಿ.ಮೀ. ಇರಲಿ. ವಾರಕ್ಕೊಮ್ಮೆ, ಬೆಳಿಗ್ಗೆ ಒಂದೇ ಹೊತ್ತಿಗೆ ವರ್ನಿಯರ್‌ನಲ್ಲಿ ಮೂರೂ ಅಂತರ ಅಳೆದು ಬರೆದಿಡಿ. ಬಿರುಕು ಅಗಲವಾಗುತ್ತಿದೆಯೇ, ಒಂದು ಬದಿ ಕೆಳಗೆ ಜಾರುತ್ತಿದೆಯೇ ಎರಡೂ ಗೊತ್ತಾಗುತ್ತದೆ. ಗಾಜಿನ ಚೂರು ಅಂಟಿಸಿದರೆ ಅದು ಒಡೆಯಿತು ಅನ್ನುವುದಷ್ಟೇ ತಿಳಿಯುತ್ತದೆ, ಎಷ್ಟು ಎಂದು ತಿಳಿಯುವುದಿಲ್ಲ.

ಟ್ಯೂಬ್ ಲೆವೆಲ್‌ನ ಬಗ್ಗೆಯೂ ಒಂದು ಮಾತು. ಟ್ಯೂಬಿನೊಳಗೆ ಒಂದೇ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೂ ಲೆಕ್ಕ ತಪ್ಪುತ್ತದೆ. ಅರ್ಧ ಟ್ಯೂಬ್ ಬಿಸಿಲಲ್ಲಿ, ಅರ್ಧ ನೆರಳಲ್ಲಿ ಇದ್ದರೂ ತಪ್ಪು. ಎರಡು ತುದಿಗಳನ್ನು ಅಕ್ಕಪಕ್ಕ ಹಿಡಿದು ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆಯೇ ಎಂದು ನೋಡಿಯೇ ಅಳತೆ ಶುರು ಮಾಡಿ, ಮುಗಿದ ಮೇಲೆ ಮತ್ತೊಮ್ಮೆ ನೋಡಿ.

ಉತ್ತರ 2 – ಮಣ್ಣುನೋಟ

ರಸಮಟ್ಟ ಅವರ ಎರಡನೆಯ ಪ್ರಶ್ನೆಯನ್ನು ನಾನು ಹಿಡಿದುಕೊಳ್ಳುತ್ತೇನೆ.

ಮೂಲೆ ಇಳಿದಂತೆ ಕಂಡರೂ ಕೆಲವು ಸಲ ನಿಜವಾಗಿ ಆಗಿರುವುದು ಮನೆಯ ನಡುಭಾಗ ಉಬ್ಬಿರುವುದು. ಎರೆ ಮಣ್ಣಿನಲ್ಲಿ ಇದು ಸಾಮಾನ್ಯ: ಮನೆಯಡಿ ತೇವ ನಿಂತು ಮಣ್ಣು ಹಿಗ್ಗುತ್ತದೆ, ಅಂಚಿನಲ್ಲಿ ಒಣಗಿ ಕುಗ್ಗುತ್ತದೆ. ಎರಡರಲ್ಲೂ ಬಿರುಕು ಮೇಲೆ ಅಗಲ, ಕೆಳಗೆ ಸಣ್ಣದು. ಉಬ್ಬಿದ ಮನೆಗೆ ಅಂಚಿನಲ್ಲಿ ಜಾಕಿ ಕೊಟ್ಟರೆ ಮಳೆಗಾಲದಲ್ಲಿ ಅಂಚೂ ಹಿಗ್ಗಿ ಎಲ್ಲ ಉಲ್ಟಾ ಆಗುತ್ತದೆ. ನಿಮ್ಮಲ್ಲಿ ಮಾತ್ರ ಒಂದೇ ಮೂಲೆ, ಅದೂ ಒಳನೆಲದ ಸಮೇತ ಇಳಿದಿದೆ. ಉಳಿದ ಅಂಚುಗಳು ಮಟ್ಟದಲ್ಲಿವೆ. ಇದು ಇಳಿತವೇ ಎಂದು ನನ್ನ ಅಂದಾಜು. ಅಂದಾಜಿನ ಮೇಲೆ ಮನೆ ಎತ್ತಬಾರದು, ಪರೀಕ್ಷೆ ಮಾಡಿ.

ಪರೀಕ್ಷೆ ದೊಡ್ಡದೇನಲ್ಲ. ಕೈ ಆಗರ್ (ತಿರುಗಿಸಿ ಮಣ್ಣು ಕೊರೆಯುವ ಉಪಕರಣ) ಹಿಡಿದು ಕೆಟ್ಟ ಮೂಲೆಯ ಹೊರಗೆ ಒಂದು, ಒಳ್ಳೆಯ ಮೂಲೆಯ ಹೊರಗೆ ಒಂದು, 3ರಿಂದ 4 ಮೀಟರ್ ಆಳಕ್ಕೆ ತೂತು ತೆಗೆಸಿ. ಪ್ರತಿ 300 ಮಿ.ಮೀ.ಗೆ ಬಂದ ಮಣ್ಣನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಸಾಲಾಗಿ ಇಡಿ. ಇಟ್ಟಿಗೆ ಚೂರು, ಗಾಜು, ಬೇರು, ಕಪ್ಪು ಕೊಳೆತ ವಾಸನೆ ಬಂದರೆ ಅದು ತುಂಬಿದ ಮಣ್ಣು. ಅದು ಎಷ್ಟು ಆಳದಲ್ಲಿ ಮುಗಿದು ಹುಟ್ಟುಮಣ್ಣು ಶುರುವಾಗುತ್ತದೆ ಅನ್ನುವ ಒಂದು ಅಂಕಿಯ ಮೇಲೆ ನಿಮ್ಮ ಇಡೀ ಕೆಲಸದ ದಾರಿ ನಿಂತಿದೆ.

ಮಣ್ಣು ಹಿಗ್ಗುವ ಜಾತಿಯೇ ಎಂದು ತಿಳಿಯಲು: ಒಣಗಿಸಿ ಪುಡಿ ಮಾಡಿ 425 ಮೈಕ್ರಾನ್ ಜರಡಿ ಹಿಡಿದ ಮಣ್ಣು 10 ಗ್ರಾಂನಂತೆ ಎರಡು ಪಾಲು. 100 ಮಿ.ಲೀ. ಅಳತೆಯ ಎರಡು ಗಾಜಿನ ಕೊಳವೆಗಳಲ್ಲಿ ಹಾಕಿ ಒಂದಕ್ಕೆ ಭಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಕಲಕಿ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಹಿಗ್ಗುವುದಿಲ್ಲ. ನೀರಿನಲ್ಲಿರುವುದು ಸೀಮೆಎಣ್ಣೆಯಲ್ಲಿರುವುದಕ್ಕಿಂತ ನೂರಕ್ಕೆ 50ಕ್ಕೂ ಹೆಚ್ಚು ಎತ್ತರ ನಿಂತರೆ ಮಣ್ಣು ಅಪಾಯಕಾರಿ. 20ಕ್ಕಿಂತ ಕಡಿಮೆ ಇದ್ದರೆ ಆ ಚಿಂತೆ ಬಿಡಿ.

ಇದರ ಜೊತೆಗೆ ಸ್ನಾನದಮನೆಯ ಹೊರಹೋಗುವ ಪೈಪನ್ನು ಕೆಳತುದಿಯಲ್ಲಿ ಬಿರಡೆ ಹಾಕಿ ಮುಚ್ಚಿ, ನೆಲದ ಜಾಲರಿಯ ಮಟ್ಟದವರೆಗೆ ನೀರು ತುಂಬಿ, ಗುರುತು ಹಾಕಿ ಒಂದು ಗಂಟೆ ಬಿಡಿ. ಮಟ್ಟ ಇಳಿದರೆ ಪೈಪು ಸೋರುತ್ತಿದೆ. ನಲ್ಲಿ ಲೈನಿಗೆ ಎಲ್ಲ ನಲ್ಲಿ ಮುಚ್ಚಿ ಪ್ರೆಷರ್ ಗೇಜ್ ಹಾಕಿ ನೋಡಿ. ಒಂದೇ ಮೂಲೆ ಇಳಿದಿದ್ದು, ಅಲ್ಲೇ ಸ್ನಾನದಮನೆ ಇದ್ದರೆ ನನ್ನ ಮೊದಲ ಅನುಮಾನ ಯಾವಾಗಲೂ ಪೈಪಿನ ಮೇಲೆಯೇ.

ಉತ್ತರ 3 – ಫೋಮ್‌ಗನ್

ಫೋಮ್ ಎಲ್ಲಿ ಸರಿ, ಎಲ್ಲಿ ಅಲ್ಲ ಎಂದು ಹೇಳುತ್ತೇನೆ. ಈ ಕೆಲಸ ಮಾಡುವವರಲ್ಲೇ ಇದರ ಬಗ್ಗೆ ತುಂಬ ಗೊಂದಲ ಇದೆ.

100 ಮಿ.ಮೀ. ಕಾಂಕ್ರೀಟ್ ನೆಲ ಒಂದು ಚದರ ಮೀಟರಿಗೆ 240 ಕೆ.ಜಿ. ತೂಗುತ್ತದೆ. ಅದನ್ನು ಎತ್ತಲು ಬೇಕಾದ ಒತ್ತಡ ತೀರ ಕಡಿಮೆ, ಸೈಕಲ್ ಟಯರಿನ ಒತ್ತಡದ ಒಂದು ಚಿಕ್ಕ ಪಾಲು ಸಾಕು. ಅದಕ್ಕೇ ನೆಲ ಎತ್ತಲು ಫೋಮ್ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. 16 ಮಿ.ಮೀ. ತೂತು, 1.2 ಮೀಟರಿಗೊಂದು, ತೂತಿನಿಂದ ತೂತಿಗೆ ಸ್ವಲ್ಪ ಸ್ವಲ್ಪ. ಎರಡು ದ್ರವ ಸೇರಿದ ಅರ್ಧ ನಿಮಿಷದೊಳಗೆ ಉಬ್ಬಿ ಗಟ್ಟಿಯಾಗುತ್ತದೆ, ಕಾಲು ಗಂಟೆಯಲ್ಲಿ ಹೆಚ್ಚುಕಡಿಮೆ ಪೂರ್ತಿ ಬಲ ಬಂದಿರುತ್ತದೆ.

ನಿಮ್ಮ ಗೋಡೆಯ ಲೆಕ್ಕ ಬೇರೆ. ಫೂಟಿಂಗ್ ಅಡಿಯ ಒತ್ತಡ ನೆಲದಡಿಯ ಒತ್ತಡಕ್ಕಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು. ಆಳಕ್ಕೆ ಪೈಪು ಇಳಿಸಿ ಫೂಟಿಂಗ್ ಅಡಿಯ ಸಡಿಲ ಮಣ್ಣನ್ನು ಫೋಮಿನಿಂದ ಒತ್ತಿ ಬಿಗಿ ಮಾಡುವ ವಿಧಾನವೂ ಇದೆ. ಮಣ್ಣು ಮರಳು ಮರಳಾಗಿ, ಸಡಿಲವಾಗಿ, ಒಂದೇ ಸಮ ಇದ್ದಲ್ಲಿ ಅದು ಫಲ ಕೊಡುತ್ತದೆ. ಬೇರು, ಕಸ ಕೊಳೆಯುತ್ತಿರುವ ಮಣ್ಣಿನಲ್ಲಿ ಫೋಮ್ ಗಟ್ಟಿಯಾಗಿಯೇ ಉಳಿಯುತ್ತದೆ, ಅದರ ಕೆಳಗಿನದು ಕೊಳೆತು ಇಳಿಯುತ್ತಲೇ ಹೋಗುತ್ತದೆ.

ಇನ್ನೂ ದೊಡ್ಡ ತೊಂದರೆ ಅಂದರೆ ಫೋಮನ್ನು ವಾಪಸ್ ಇಳಿಸಲು ಆಗುವುದಿಲ್ಲ. ಜಾಕಿ 2 ಮಿ.ಮೀ. ಹೆಚ್ಚು ಎತ್ತಿದರೆ ಇಳಿಸಬಹುದು. ಫೋಮ್ 10 ಮಿ.ಮೀ. ಹೆಚ್ಚು ಎತ್ತಿದರೆ ಅದು ಅಲ್ಲಿಗೇ. ಪೈಪ್ ಒಡೆದಿದ್ದರೆ ಫೋಮ್ ಅದರೊಳಗೇ ನುಗ್ಗಿ ಗಟ್ಟಿಯಾಗುತ್ತದೆ, ಆಮೇಲೆ ಇಡೀ ಪೈಪ್ ಅಗೆದು ಬದಲಿಸಬೇಕು. ಅದಕ್ಕಾಗಿ ಫೋಮ್ ಹೊಡೆಯುವಾಗ ಒಬ್ಬರು ಸ್ನಾನದಮನೆ ಜಾಲರಿಯ ಹತ್ತಿರವೇ ನಿಂತು ನೋಡುತ್ತಿರಬೇಕು. ಒಂದೇ ಜಾಗದಲ್ಲಿ ಒಂದೇ ಸಲ ದಪ್ಪವಾಗಿ ತುಂಬಿಸಿದರೆ ಒಳಗೆ ಬಿಸಿ ಏರಿ ಸುಟ್ಟು ಕರಕಲಾಗುವ ಅಪಾಯವೂ ಇದೆ. ಪದರ ಪದರವಾಗಿಯೇ ಹಾಕಬೇಕು.

ಒಂದೇ ದಿನದಲ್ಲಿ ಗೋಡೆ ಸಮೇತ ಎತ್ತಿಕೊಡುತ್ತೇನೆ ಅನ್ನುವವರನ್ನು ಒಂದೇ ಪ್ರಶ್ನೆ ಕೇಳಿ: ತುಂಬಿದ ಮಣ್ಣು ಎಷ್ಟು ಆಳಕ್ಕಿದೆ? ಅವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಕೆಲಸ ಕೊಡಬೇಡಿ.

ಉತ್ತರ 4 – ವಾಯವ್ಯಮೂಲೆ

ಎಲ್ಲರಿಗೂ ಧನ್ಯವಾದ. ಹೇಳಿದ ಪರೀಕ್ಷೆಗಳು ಮುಗಿದವು.

ಕೆಟ್ಟ ಮೂಲೆ: 2.4 ಮೀಟರ್ ಆಳದವರೆಗೂ ತುಂಬಿದ ಮಣ್ಣು. ಇಟ್ಟಿಗೆ ಚೂರು, ಬೂದಿ, ಬೇರು ಸಿಕ್ಕವು. ಅದರ ಕೆಳಗೆ ಗಟ್ಟಿ ಗರಸು, 3.2 ಮೀಟರಿಗೆ ಆಗರ್ ಮುಂದೆ ಹೋಗಲಿಲ್ಲ. ಒಳ್ಳೆಯ ಮೂಲೆಯಲ್ಲಿ 600 ಮಿ.ಮೀ.ಗೇ ಗರಸು ಸಿಕ್ಕಿತು. ನೀರು ಎಲ್ಲೂ ಜಿನುಗಲಿಲ್ಲ. ಹಿಗ್ಗುವ ಪರೀಕ್ಷೆಯಲ್ಲಿ ನೂರಕ್ಕೆ 15 ಬಂತು. ಸ್ನಾನದಮನೆ ಪೈಪಿನಲ್ಲಿ ಒಂದು ಗಂಟೆಗೆ ನೀರಿನ ಮಟ್ಟ 70 ಮಿ.ಮೀ. ಇಳಿಯಿತು. ಪೈಪ್ ಬಳಸುವುದನ್ನು ನಿಲ್ಲಿಸಿದ ಮೇಲೆ ಆರು ವಾರ ಮೊಳೆ ಅಳತೆ ನೋಡಿದೆ: ಮೊದಲ ಎರಡು ವಾರ 0.3 ಮಿ.ಮೀ., ಆಮೇಲೆ ಏನೂ ಬದಲಾಗಿಲ್ಲ.

ಅಂದ ಹಾಗೆ, ಇಳಿದ ಮೂಲೆ ಎತ್ತುವ ಬದಲು ಎತ್ತರದ ಬದಿಯ ಮಣ್ಣು ತೆಗೆದು ಇಳಿಸಬಹುದು ಎಂದು ಒಬ್ಬರು ಹೇಳಿದರು. ಆಗುತ್ತದೆಯೇ?

ಉತ್ತರ 5 – ಗುದ್ದಲಿಜಾಕಿ

ಕೊನೆಯ ಪ್ರಶ್ನೆ ಮೊದಲು. ಆ ವಿಧಾನ ನಿಜ, ಪೀಸಾದ ವಾಲುಗೋಪುರಕ್ಕೆ 1999ರಿಂದ 2001ರವರೆಗೆ ಮಾಡಿದ್ದು ಅದನ್ನೇ. ಎತ್ತರದ ಉತ್ತರ ಬದಿಯಡಿ ಓರೆ ಕೊಳವೆ ಇಳಿಸಿ ಸ್ವಲ್ಪ ಸ್ವಲ್ಪ ಮಣ್ಣು ತೆಗೆದು ವಾಲಿಕೆಯನ್ನು ಸುಮಾರು ಅರ್ಧ ಡಿಗ್ರಿ ಕಡಿಮೆ ಮಾಡಿದರು. ಆದರೆ ಗೋಪುರ ಒಂದೇ ತುಂಡಾಗಿ ವಾಲಿತ್ತು. ನಿಮ್ಮ ಮನೆ ವಾಲಿಲ್ಲ, ಮುರಿದಂತೆ ಬಗ್ಗಿದೆ. ಮುಕ್ಕಾಲು ಮನೆ ಗಟ್ಟಿ ಗರಸಿನ ಮೇಲೆ ನೆಟ್ಟಗೆ ಕೂತಿರುವಾಗ ಅದನ್ನು ಮುಟ್ಟಲೇಬೇಡಿ.

ಈಗ ನಿಮ್ಮ ಅಂಕಿ ನೋಡಿದರೆ ನನ್ನ ಉತ್ತರ ಫೋಮೂ ಅಲ್ಲ, ಪಿಯರೂ ಅಲ್ಲ. ಫೂಟಿಂಗ್ ತಳ 0.9 ಮೀಟರಿನಲ್ಲಿದೆ, ಗಟ್ಟಿ ನೆಲ 2.4ರಲ್ಲಿ. ನಡುವೆ ಇರುವುದು ಒಂದೂವರೆ ಮೀಟರ್ ಕೆಟ್ಟ ಮಣ್ಣು ಮಾತ್ರ, ನೀರೂ ಇಲ್ಲ. ಇಷ್ಟಕ್ಕೆ ಗುಂಡಿ ತೋಡಿ ಕೆಳಗಿನಿಂದ ಕಾಂಕ್ರೀಟ್ ಕೊಟ್ಟು, ಅದರ ಮೇಲೆ ಜಾಕಿ ಇಟ್ಟು ಎತ್ತುವುದೇ ನೇರವಾದ ದಾರಿ. ಹಳೆಯ ವಿಧಾನ. ಕಣ್ಣಿಗೆ ಗರಸು ಕಾಣುತ್ತದೆ, ಕಾಲಿಟ್ಟು ನೋಡಬಹುದು.

ಸ್ಟೀಲ್ ಪೈಪ್ ಪಿಯರ್ ಯಾಕೆ ಬೇಡ ಅನ್ನುವುದಕ್ಕೆ ಲೆಕ್ಕ ಕೊಡುತ್ತೇನೆ. ನಿಮ್ಮ ಗೋಡೆ ಮೀಟರಿಗೆ ಅಂದಾಜು 1.65 ಟನ್, ತಾರಸಿಯ ಪಾಲು 1.2, ಪ್ಯಾರಾಪೆಟ್ 0.2, ಪಾಯ ಮತ್ತು ಪ್ಲಿಂತ್ ಬೀಮ್ 0.9. ಒಟ್ಟು ಸುಮಾರು 4 ಟನ್. ಒತ್ತಿ ಇಳಿಸುವ ಪಿಯರಿಗೆ ಎದುರು ಬಲ ಕೊಡುವುದು ಮನೆಯ ತೂಕವೇ. 1.6 ಮೀಟರಿಗೊಂದು ಪಿಯರ್ ಅಂದರೆ ತಲಾ 6.4 ಟನ್ ಹೊರಬೇಕು, ಪರೀಕ್ಷೆಗೆ ಅದರ ಒಂದೂವರೆ ಪಟ್ಟು, ಸುಮಾರು 10 ಟನ್ ಒತ್ತಬೇಕು. ಒಂದೇ ಅಂತಸ್ತಿನ ಹಗುರ ಮನೆಯಲ್ಲಿ ಪಿಯರ್ ಕೆಳಗಿಳಿಯುವ ಬದಲು ಗೋಡೆಯೇ ಮೇಲೆದ್ದು ಹೊಸ ಬಿರುಕು ಬೀಳುವ ಸಾಧ್ಯತೆ ಇರುತ್ತದೆ. ಗಟ್ಟಿ ನೆಲ 6–7 ಮೀಟರ್ ಆಳದಲ್ಲಿದ್ದಿದ್ದರೆ ನಾನು ತಿರುಪು ಪೈಲ್ (ಸ್ಕ್ರೂ ತರಹದ ಉಕ್ಕಿನ ಕಂಬ) ಹೇಳುತ್ತಿದ್ದೆ. ಅದು ತಿರುಗಿಸುತ್ತ ಇಳಿಯುವುದರಿಂದ ಮನೆಯ ತೂಕ ಬೇಡ. ತಿರುಗಿಸಲು ಬೇಕಾದ ಬಲವನ್ನು ನೋಡಿಯೇ ಎಷ್ಟು ಹೊರುತ್ತದೆ ಎಂದೂ ಲೆಕ್ಕ ಹಾಕಬಹುದು.

ಗುಂಡಿಯ ಕ್ರಮ. 12 ಮೀಟರನ್ನು 1.2 ಮೀಟರಿನ 10 ಭಾಗ ಮಾಡಿ ಗೋಡೆಯ ಮೇಲೆ ಸುಣ್ಣದಲ್ಲಿ ನಂಬರ್ ಹಾಕಿ. ಉತ್ತರ ಗೋಡೆಯ ದೂರದ ತುದಿಯಿಂದ ಮೂಲೆಯವರೆಗೆ 1ರಿಂದ 5, ಮೂಲೆಯಿಂದ ಪಶ್ಚಿಮ ಗೋಡೆಯ ಮೇಲೆ 6ರಿಂದ 10. ಒಂದು ಸಲಕ್ಕೆ ಎರಡೇ ಗುಂಡಿ: 3 ಮತ್ತು 8, ಆಮೇಲೆ 1 ಮತ್ತು 6, 5 ಮತ್ತು 10, 2 ಮತ್ತು 7, ಕೊನೆಗೆ 4 ಮತ್ತು 9. ಹೀಗೆ ಯಾವ ಹೊತ್ತಿಗೂ ಐದನೇ ಒಂದು ಭಾಗಕ್ಕಿಂತ ಹೆಚ್ಚು ಗೋಡೆ ಆಧಾರವಿಲ್ಲದೆ ಇರುವುದಿಲ್ಲ. 5 ಮತ್ತು 6 ಎರಡೂ ಮೂಲೆಗೆ ಸೇರಿದವು, ಅವನ್ನು ಒಟ್ಟಿಗೆ ತೆರೆದರೆ ಮೂಲೆಯೇ ಕಳಚುತ್ತದೆ. 6ಕ್ಕೆ ಆಧಾರ ಬಿಗಿಯಾದ ಮೇಲೆಯೇ 5.

ಆಳ 2.7 ಮೀಟರ್, ಗರಸಿನೊಳಗೆ 300 ಮಿ.ಮೀ. ಹೋಗಬೇಕು. ತಳದ ಅಗಲ 750 ಮಿ.ಮೀ. ಈ ಮಣ್ಣು ಯಾವಾಗ ಬೇಕಾದರೂ ಜರಿಯುತ್ತದೆ. 1.2 ಮೀಟರ್ ಆಳ ದಾಟುವ ಮುಂಚೆ ಹಲಗೆ ಕಟ್ಟಿ ಅಡ್ಡಗಂಬ ಬಿಗಿಯಲೇಬೇಕು. ಅಗೆದ ಮಣ್ಣನ್ನು ಅಂಚಿನಿಂದ ಕನಿಷ್ಠ 1 ಮೀಟರ್ ದೂರ ಹಾಕಿ. ಗುಂಡಿಯಲ್ಲಿ ಒಬ್ಬರಿದ್ದರೆ ಮೇಲೊಬ್ಬರು ಇರಲೇಬೇಕು. ಈ ಒಂದು ವಿಷಯದಲ್ಲಿ ಯಾರ ಮಾತಿಗೂ ಬಗ್ಗಬೇಡಿ ಸರ್, ಮಣ್ಣು ಜರಿದರೆ ಸೊಂಟದ ಮಟ್ಟಕ್ಕೆ ಸಿಕ್ಕರೂ ಹೊರಗೆಳೆಯಲಾಗುವುದಿಲ್ಲ.

ಫೂಟಿಂಗಿನ ತಳಕ್ಕೆ ಅಂಟಿರುವ ಮಣ್ಣನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ಕಾಂಕ್ರೀಟನ್ನು ಫೂಟಿಂಗ್ ತಳದಿಂದ 300 ಮಿ.ಮೀ. ಕೆಳಗೇ ನಿಲ್ಲಿಸಿ, ಆ ಜಾಗ ಜಾಕಿಗೆ. 20 ಟನ್ ಬಾಟಲ್ ಜಾಕಿ ಮಡಿಸಿದಾಗ ಸುಮಾರು 240–250 ಮಿ.ಮೀ. ಎತ್ತರ, ಮೇಲೆ ಕೆಳಗೆ ಒಂದೊಂದು ಪ್ಲೇಟ್. ಕೊಳ್ಳುವ ಜಾಕಿಯನ್ನು ಮೊದಲೇ ತಂದು ಅಳೆದು ಆಮೇಲೆ ಕಾಂಕ್ರೀಟ್ ಮಟ್ಟ ನಿಗದಿ ಮಾಡಿ. ಒಂದು ಗುಂಡಿಗೆ 1.2 × 0.75 × 1.5, ಅಂದರೆ 1.35 ಘನ ಮೀಟರ್. 1:1.5:3 (ಸಿಮೆಂಟ್, ಮರಳು, ಜಲ್ಲಿ) ಮಿಶ್ರಣಕ್ಕೆ 50 ಕೆ.ಜಿ.ಯ ಸುಮಾರು 11 ಚೀಲ ಸಿಮೆಂಟ್. ಹತ್ತು ಗುಂಡಿಗೆ 13.5 ಘನ ಮೀಟರ್. ಗರಸಿನ ಮೇಲೆ ಬೀಳುವ ಒಟ್ಟು ಭಾರ ಚದರ ಮೀಟರಿಗೆ 9 ಟನ್ ಆಸುಪಾಸು. ಗಟ್ಟಿ ಗರಸಿಗೆ ಇದು ಹೆಚ್ಚಲ್ಲ, ಆದರೂ ಮೊದಲ ಗುಂಡಿಯ ತಳವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಇಳಿದು ನೋಡಿ ಒಪ್ಪಿದ ಮೇಲೆಯೇ ಕಾಂಕ್ರೀಟ್ ಹಾಕಿ.

ಮೂರು ದಿನ ಆದ ಮೇಲೆ ಪ್ರತಿ ಗುಂಡಿಯಲ್ಲಿ ಎರಡು ಸ್ಟೀಲ್ ಸ್ಟೂಲ್ (ಭಾರ ಹೊರುವ ಗಿಡ್ಡ ಉಕ್ಕಿನ ಆಧಾರ) ಇಟ್ಟು ಉಕ್ಕಿನ ಬೆಣೆ ಹೊಡೆದು ಬಿಗಿ ಮಾಡಿ. ಸುತ್ತಿಗೆಯಿಂದ ಸ್ಟೂಲನ್ನು ತಟ್ಟಿದರೆ ಗಣಗಣ ಅನ್ನಬೇಕು. ದಬ್ ಎಂದು ಸತ್ತ ಶಬ್ದ ಬಂದರೆ ಅದು ಭಾರ ಹಿಡಿದಿಲ್ಲ. ಜಾಕಿಯ ಜಾಗ ಎರಡು ಸ್ಟೂಲ್‌ಗಳ ನಡುವೆ. ಒಂದು ಜೋಡಿ ಗುಂಡಿಗೆ ಐದು ದಿನ ಹಿಡಿದರೆ ಒಟ್ಟು ನಾಲ್ಕು ವಾರದ ಕೆಲಸ.

ಉತ್ತರ 6 – ರಸಮಟ್ಟ

ಗುದ್ದಲಿಜಾಕಿ ಅವರು ಹೇಳಿದ್ದೇ ಸರಿ. ಎತ್ತುವ ದಿನದ ಬಗ್ಗೆ ನಾನು ಬರೆಯುತ್ತೇನೆ, ತಪ್ಪು ಹೆಚ್ಚು ನಡೆಯುವುದು ಅಲ್ಲೇ.

ಎತ್ತುವ ಮುಂಚೆ ಮನೆಯನ್ನು ಬಿಡಿಸಬೇಕು. ಕಾಂಪೌಂಡ್ ಗೋಡೆ ಮೂಲೆಗೆ ಅಂಟಿದ್ದರೆ ಕತ್ತರಿಸಿ ಸಂದು ಮಾಡಿ. ಮೆಟ್ಟಿಲು, ಹೊರಗಿನ ಸಿಮೆಂಟ್ ಅಂಚು, ಗೋಡೆ ತೂರಿ ಹೋಗುವ ನೀರು ಪೈಪು, ಡ್ರೈನ್ ಪೈಪು ಎಲ್ಲ ಕತ್ತರಿಸಿಡಿ. ಆ 6 ಮೀಟರಿನೊಳಗೆ ಬರುವ ಒಳಗೋಡೆಗಳನ್ನು ಮರೆಯಬೇಡಿ. ಅವು ಸ್ವಂತ ಫೂಟಿಂಗ್ ಮೇಲಿದ್ದರೆ ಅವಕ್ಕೂ ಗುಂಡಿ, ಜಾಕಿ ಬೇಕು. ಬರೀ ನೆಲದ ಮೇಲೆ ಕಟ್ಟಿದ 115 ಮಿ.ಮೀ. ಗೋಡೆಯಾದರೆ ಹೊರಗೋಡೆಗೆ ಸೇರುವಲ್ಲಿ ಮತ್ತು ತಾರಸಿಯ ಅಡಿ ಸಂದು ಬಿಡಿಸಿ. ಇಲ್ಲದಿದ್ದರೆ ಏಳುವ ಗೋಡೆ ಅದನ್ನು ಸೀಳಿಕೊಂಡು ಹೋಗುತ್ತದೆ. ಬಿರುಕಿನೊಳಗೆ ಸೇರಿರುವ ಪ್ಲಾಸ್ಟರ್ ಚೂರು, ಗಾರೆ ಪುಡಿಯನ್ನು ಗಾಳಿ ಹೊಡೆದು ತೆಗೆಯಿರಿ. ಬಿರುಕು ಮುಚ್ಚಬೇಕಾದರೆ ಅದರೊಳಗೆ ಜಾಗ ಇರಬೇಕಲ್ಲ. ಹಿಂದೆ ಯಾರಾದರೂ ಅದಕ್ಕೆ ಸಿಮೆಂಟ್ ಮೆತ್ತಿದ್ದರೆ ಆ ಸಿಮೆಂಟೇ ಬೆಣೆಯಂತೆ ನಿಂತು ಹೊಸ ಬಿರುಕು ಹುಟ್ಟಿಸುತ್ತದೆ.

ಗುರಿ 42 ಅಲ್ಲ, 30 ಮಿ.ಮೀ. ಕೇಳಿದ್ದಿರಿ, ಪೂರ್ತಿ ಬರುತ್ತದೆಯೇ ಎಂದು. ಇಟ್ಟಿಗೆ ಗೋಡೆ ಇಳಿಯುವಾಗ ಗಾರೆ ಸಂದುಗಳಲ್ಲಿ ಸ್ವಲ್ಪ ಸ್ವಲ್ಪ ಜರುಗಿ ಹೊಸ ಆಕಾರಕ್ಕೆ ಒಗ್ಗಿಕೊಂಡಿರುತ್ತದೆ, ಪೂರ್ತಿ ಎತ್ತಿದರೆ ಇನ್ನೊಂದೆಡೆ ಒಡೆಯುತ್ತದೆ. 30 ಎತ್ತಿದರೆ ಮೂಲೆಯಲ್ಲಿ ಉಳಿಯುವುದು 12 ಮಿ.ಮೀ. ಆಗ ಕೊನೆಯ 3 ಮೀಟರಿನ ಬಾಗು 400ಕ್ಕೆ 1ರಷ್ಟಕ್ಕೆ ಇಳಿಯುತ್ತದೆ. ಬಾಗಿಲು ಸರಾಗವಾಗಿ ಮುಚ್ಚುತ್ತದೆ, ಗೋಡೆಗೂ ತೊಂದರೆಯಿಲ್ಲ. ಗೋಡೆ ಸಲೀಸಾಗಿ ಬಂದರೆ ಇನ್ನೊಂದೆರಡು ಮಿ.ಮೀ. ತೆಗೆದುಕೊಳ್ಳಿ, ಹಟ ಮಾಡಬೇಡಿ.

ಹತ್ತೂ ಜಾಕಿಗಳು ಒಂದೇ ಸಮ ಏಳಬಾರದು. ಬಗ್ಗಿದ್ದನ್ನು ನೆಟ್ಟಗೆ ಮಾಡುವ ಕೆಲಸ ಇದು. ಪ್ರತಿ ಸುತ್ತಿನಲ್ಲಿ ಮೂಲೆಯಲ್ಲಿ 3 ಮಿ.ಮೀ., 3 ಮೀಟರ್ ದೂರದಲ್ಲಿ 1.5, 6 ಮೀಟರ್ ದೂರದಲ್ಲಿ 0.3 ಅಥವಾ 0.4. ನಡುವಿನ ಜಾಕಿಗಳಿಗೆ ಇವುಗಳ ನಡುವಿನ ಅಂಕಿ. ಇಂಥ ಹತ್ತು ಸುತ್ತು. ಪ್ರತಿ ಜಾಕಿಯ ಪಕ್ಕದ ಗೋಡೆಗೆ ಡಯಲ್ ಗೇಜ್ (ಸಣ್ಣ ಚಲನೆಯನ್ನು ಮುಳ್ಳಿನಲ್ಲಿ ತೋರಿಸುವ ಮಾಪಕ) ಮುಟ್ಟಿಸಿ, ಗೇಜಿನ ಕಾಲು ಗುಂಡಿಯಿಂದ ದೂರದ ನೆಲಕ್ಕಿರಲಿ. ಹ್ಯಾಂಡಲ್ ಎಷ್ಟು ಸಲ ಒತ್ತಿದೆವು ಎಂದು ಎಣಿಸುವುದನ್ನು ನಂಬಬೇಡಿ. ಮೊದಲ ಹಲವು ಒತ್ತುಗಳು ಪ್ಲೇಟುಗಳ ಸಂದು ತೀರಿಸಲಿಕ್ಕೇ ಹೋಗುತ್ತವೆ.

ಸುತ್ತು ಮುಗಿದ ಕೂಡಲೇ ಸ್ಟೂಲ್ ಮೇಲೆ ತೆಳು ಉಕ್ಕಿನ ಪ್ಲೇಟ್ ಸೇರಿಸಿ ಬೆಣೆ ಬಿಗಿ ಮಾಡಿ, ಅರ್ಧ ಗಂಟೆ ಬಿಡಿ. ಒಬ್ಬರು ಒಳಗೆ ಕಿಟಕಿ, ಬಾಗಿಲ ಚೌಕಟ್ಟು, ತಾರಸಿಯ ಅಡಿ ನೋಡುತ್ತ ಸುತ್ತಬೇಕು. ಎಣ್ಣೆ ಜಾಕಿಯ ಸೀಲ್ ಜಿನುಗುತ್ತದೆ, ಸಂಜೆ ಎತ್ತಿ ಇಟ್ಟಿದ್ದು ಬೆಳಿಗ್ಗೆ ಹೊತ್ತಿಗೆ 2 ಮಿ.ಮೀ. ಇಳಿದಿರಬಹುದು. ರಾತ್ರಿ ಭಾರ ಎಂದಿಗೂ ಜಾಕಿಯ ಮೇಲಿರಬಾರದು, ಸ್ಟೂಲ್ ಮೇಲಿರಬೇಕು.

ಗೇಜ್ ಇರುವ ಜಾಕಿಯಲ್ಲಿ ಪ್ರತಿಯೊಂದರ ಮೇಲೆ 4.8 ಟನ್ ಆಸುಪಾಸು ಬರಬೇಕು. 7 ಟನ್ ದಾಟಿದರೂ ಗೋಡೆ ಏಳದಿದ್ದರೆ ನಿಲ್ಲಿಸಿ. ಎಲ್ಲೋ ಏನೋ ಹಿಡಿದುಕೊಂಡಿದೆ: ಮರೆತ ಪೈಪು, ಒಳಗೋಡೆ, ಫೂಟಿಂಗ್ ಬದಿಗೆ ಅಂಟಿದ ಕಾಂಕ್ರೀಟ್. ಹುಡುಕಿ ಬಿಡಿಸಿ, ಆಮೇಲೆ ಮುಂದುವರಿಸಿ. ಇನ್ನಷ್ಟು ಒತ್ತಿದರೆ ಒಮ್ಮೆಲೇ ಬಿಟ್ಟುಕೊಂಡು 5 ಮಿ.ಮೀ. ಜಿಗಿಯುತ್ತದೆ, ಗೋಡೆ ಹಾಳಾಗುವುದು ಆ ಜಿಗಿತದಲ್ಲಿ.

ಉತ್ತರ 7 – ಗುದ್ದಲಿಜಾಕಿ

ಎತ್ತಿದ ಮೇಲೆ ಸಂದು ತುಂಬುವುದಕ್ಕೆ ಸೇರಿಸುತ್ತೇನೆ. ಭಾರ ಸ್ಟೂಲ್ ಮೇಲಿರುವಾಗಲೇ, ಜಾಕಿ ತೆಗೆಯದೆ, ಅವುಗಳ ಅಕ್ಕಪಕ್ಕ ಕಾಂಕ್ರೀಟ್ ಹಾಕಿ, ಫೂಟಿಂಗ್ ತಳಕ್ಕೆ 75 ಮಿ.ಮೀ. ಬಿಟ್ಟು ನಿಲ್ಲಿಸಿ. ಪೂರ್ತಿ ತುಂಬಿಸಿದರೆ ಕಾಂಕ್ರೀಟ್ ಗಟ್ಟಿಯಾಗುವಾಗ ಕುಗ್ಗಿ ಮೇಲೆ ಕೂದಲೆಳೆ ಸಂದು ಬಿಡುತ್ತದೆ, ಮನೆ ಅಷ್ಟೂ ಇಳಿಯುತ್ತದೆ. ಎರಡು ದಿನ ಬಿಟ್ಟು ಆ 75 ಮಿ.ಮೀ.ಗೆ 1:3 ಸಿಮೆಂಟ್ ಮರಳನ್ನು ಒಣಒಣವಾಗಿ ಕಲಸಿ ದಮ್ಮಸು ಮಾಡಿ. ಹದ ಹೀಗೆ: ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ನಿಲ್ಲಬೇಕು, ಕೈ ಒದ್ದೆಯಾಗಬಾರದು. ಉಂಡೆ ಉದುರಿದರೆ ಒಂದಿಷ್ಟು ನೀರು ಚಿಮುಕಿಸಿ. ಕೈಗೆ ಅಂಟಿದರೆ ನೀರು ಹೆಚ್ಚಾಗಿದೆ, ಆ ಪಾಕ ಬೇಡ. ಒಂದು ಹಿಡಿಯಷ್ಟು ಒಳಗೆ ತಳ್ಳಿ ಮರದ ತುಂಡಿಟ್ಟು ಸುತ್ತಿಗೆಯಿಂದ ಬಡಿಯಿರಿ, ಮರ ಹಿಂದಕ್ಕೆ ಪುಟಿದಾಗ ಮುಂದಿನ ಹಿಡಿ. ಮೊದಲು ಆಚೆ ಬದಿಗೆ ಹಲಗೆ ಕೊಟ್ಟಿರಬೇಕು, ಇಲ್ಲದಿದ್ದರೆ ಬಡಿದದ್ದೆಲ್ಲ ಮಣ್ಣಿಗೆ ಹೋಗುತ್ತದೆ. ಏಳು ದಿನದ ಮೇಲೆ ಜಾಕಿ ಒಂದೊಂದಾಗಿ ತೆಗೆದು ಆ ಜಾಗವನ್ನೂ ಹೀಗೆಯೇ ತುಂಬಿ. ಸ್ಟೂಲ್‌ಗಳನ್ನು ಕಾಂಕ್ರೀಟಿನೊಳಗೇ ಬಿಟ್ಟುಬಿಡಿ.

ಗುಂಡಿಯ ಹೊರಭಾಗವನ್ನು 150 ಮಿ.ಮೀ. ಪದರದಲ್ಲಿ ಮಣ್ಣು ಹಾಕಿ ನೀರು ಚಿಮುಕಿಸಿ ದಮ್ಮಸು ಮಾಡುತ್ತ ತುಂಬಿ. ಒಂದೇ ಸಲ ಸುರಿದರೆ ಅದು ಮುಂದಿನ ಮಳೆಗೆ ಕೂತು ನೀರನ್ನು ನೇರ ಪಾಯಕ್ಕೆ ಇಳಿಸುತ್ತದೆ.

ಉತ್ತರ 8 – ಫೋಮ್‌ಗನ್

ಗೋಡೆ ಎದ್ದ ಮೇಲೆ ಒಳನೆಲ ಹಳೆಯ ಮಟ್ಟದಲ್ಲೇ ಉಳಿದಿರುತ್ತದೆ, ಸಂದು ಇನ್ನೂ ದೊಡ್ಡದಾಗಿ ಕಾಣುತ್ತದೆ. ಫೋಮಿನ ಸರದಿ ಆಗ. ಆದರೆ ಅದಕ್ಕೂ ಮುಂಚೆ ಸ್ನಾನದಮನೆ ಪೈಪ್ ಹೊಸದು ಹಾಕಿ, ಮೀಟರಿಗೆ 20 ಮಿ.ಮೀ. ಇಳಿಜಾರು ಕೊಟ್ಟು, ಗೋಡೆ ತೂರುವಲ್ಲಿ ಸುತ್ತ ಸಂದು ಬಿಟ್ಟು, ಹೊರಗೆ ರಬ್ಬರ್ ಜೋಡಣೆ ಹಾಕಿಸಿ. ಮತ್ತೆ ನೀರು ತುಂಬಿ ಒಂದು ಗಂಟೆ ನೋಡಿ. ಮಟ್ಟ ಒಂದು ಕೂದಲೂ ಇಳಿಯದಿದ್ದರೆ ಮಾತ್ರ ಫೋಮ್. ನೆಲದಡಿಯ ಮಣ್ಣು ಬದಲಾಗಿಲ್ಲ, ಬೇರುಗಳು ಅಲ್ಲೇ ಇವೆ, ಹಾಗಾಗಿ ಆ ಕೋಣೆಗಳ ನೆಲ ಮುಂದೆ ಕೆಲವು ಮಿ.ಮೀ. ಇಳಿಯಬಹುದು. ಅದು ಬೇಡವೆಂದರೆ ಸ್ನಾನದಮನೆಯ ನೆಲ ಒಡೆದು, ಅಂಚಿನಿಂದ ಅಂಚಿಗೆ ಕಂಬಿ ಹಾಕಿದ 125 ಮಿ.ಮೀ. ಸ್ಲ್ಯಾಬನ್ನು ಗೋಡೆಯ ಪ್ಲಿಂತ್ ಬೀಮ್‌ಗೆ ಕೂರಿಸುವುದು ಗಟ್ಟಿ ಕೆಲಸ. ಚಿಕ್ಕ ಕೋಣೆಗೆ ನಾನು ಅದನ್ನೇ ಹೇಳುತ್ತೇನೆ.

ಉತ್ತರ 9 – ಮಣ್ಣುನೋಟ

ಬಿರುಕು ಕೂಡಲೇ ಮುಚ್ಚಬೇಡಿ. ಮೊಳೆ ಅಳತೆ ಮೂರು ತಿಂಗಳು ಮುಂದುವರಿಸಿ, ಅದರಲ್ಲಿ ಒಂದಷ್ಟು ಮಳೆ ದಿನಗಳು ಸೇರಿರಲಿ. ಕದಲಿಲ್ಲ ಅಂತ ಖಚಿತವಾದ ಮೇಲೆ ಬಿರುಕಿಗೆ ಅಡ್ಡಲಾಗಿ ಗಾರೆ ಸಂದುಗಳನ್ನು ಕೊರೆದು, 6 ಮಿ.ಮೀ. ತುಕ್ಕು ಹಿಡಿಯದ ಕಂಬಿಯನ್ನು ಬಿರುಕಿನ ಎರಡೂ ಬದಿಗೆ 500 ಮಿ.ಮೀ. ಹೋಗುವಂತೆ, ಇಟ್ಟಿಗೆಯ ನಾಲ್ಕು ವರಸೆಗೊಂದರಂತೆ ಕೂರಿಸಿ ಕುಗ್ಗದ ಗ್ರೌಟ್ ತುಂಬಿಸಿ.

ತಾರಸಿಯ ನೀರಿನ ಪೈಪು ಆ ಮೂಲೆಯಲ್ಲಿ ಇಳಿಯುತ್ತಿದ್ದರೆ ಗೋಡೆಯಿಂದ ಕನಿಷ್ಠ 2 ಮೀಟರ್ ಆಚೆಗೆ ಒಯ್ಯಿರಿ. ಮನೆಯ ಸುತ್ತ ಮೊದಲ 3 ಮೀಟರಿಗೆ 150 ಮಿ.ಮೀ. ಹೊರಇಳಿಜಾರು ಬೇಕು. ಗುಂಡಿ ತುಂಬಿದ ಜಾಗ ಒಂದು ಮಳೆಗಾಲ ಕಳೆದು ಸ್ವಲ್ಪ ಕೂತ ಮೇಲೆ ಅಲ್ಲಿ ಮತ್ತೆ ಮಣ್ಣು ಏರಿಸಿ ಇಳಿಜಾರು ಸರಿಮಾಡಿ, ಹೊರಗಿನ ಸಿಮೆಂಟ್ ಅಂಚನ್ನು ಆಮೇಲೆಯೇ ಹಾಕಿಸಿ.